ಮದರ್‌ಬೋರ್ಡ್ ಕೈಕೊಟ್ಟಾಗ: ಅದೇ ಥರದ ಬೋರ್ಡ್ ಹಾಕೋದಾ, ಅಪ್‌ಗ್ರೇಡ್ ಮಾಡೋದಾ?

ಸಿಪಿಯು ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಅಥವಾ ಬರುತ್ತದೆ, ಹತ್ತು ನಿಮಿಷಕ್ಕೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಎಸ್‌.ಪಿ. ರೋಡಿಗೆ (ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ) ಹೊತ್ತುಕೊಂಡು ಹೋದರೆ ಸೈಡ್ ಡೋರ್ ತೆಗೆದು ಒಂದು ಸಲ ನೋಡಿ, 'ಬೋರ್ಡ್ ಹೋಗಿದೆ ಸರ್, ಹಳೇದು ಬಿಡಿ, ಕಾಂಬೋ ಹಾಕಿಸಿಬಿಡಿ' ಅನ್ನುವವರು ಸಿಗುತ್ತಾರೆ. ಕಾಂಬೋ ಅಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು. ಮೂರು ಸಾವಿರದಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಪ್ಪತ್ತು ಸಾವಿರ ದಾಟುವುದು ಇಲ್ಲೇ.

ಹಾಗಂತ ಕಾಂಬೋ ಯಾವಾಗಲೂ ತಪ್ಪು ಅಂತಲ್ಲ. ಎಷ್ಟೋ ಸಲ ಹಳೇ ಬೋರ್ಡಿಗೆ ದುಡ್ಡು ಹಾಕುವುದೇ ದಂಡ. ಆದರೆ ಅದನ್ನು ಬೋರ್ಡಿನ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಬೋರ್ಡ್ ಬದಲಾದರೆ ಅದರ ಜೊತೆ ಇನ್ನೇನೇನು ಬದಲಾಗಬೇಕು, ಏನೇನು ಉಳಿಯುತ್ತದೆ ಅಂತ ನೋಡಿ. ಖರ್ಚಿನ ಲೆಕ್ಕ ಇರುವುದು ಅಲ್ಲಿ.

ಮೊದಲು, ಹೋಗಿರುವುದು ಬೋರ್ಡೇನಾ?

ವಿಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗನ ಪಿಸಿ ಹೀಗೇ ಆಗಿತ್ತು. ಸುಮ್ನೆ ಬ್ರೌಸಿಂಗ್ ಮಾಡುತ್ತಿದ್ದರೆ ಏನೂ ತೊಂದರೆ ಇಲ್ಲ, ಗೇಮ್ ಹಾಕಿದ ತಕ್ಷಣ ರೀಸ್ಟಾರ್ಟ್. ಒಂದು ಸರ್ವಿಸ್ ಅಂಗಡಿಯವರು ಬೋರ್ಡ್ ಡೆಡ್ ಅಂತ ಹೇಳಿ ಕೊಟೇಶನ್ನೂ ಕೊಟ್ಟಿದ್ದರು. ಮನೆಯಲ್ಲಿ ಗೇಮ್ ಹಾಕಿ, ಎಸ್‌ಎಂಪಿಎಸ್‌ನ (ಪಿಸಿಗೆ ಕರೆಂಟ್ ಕೊಡುವ ಡಬ್ಬದ) ಹಳದಿ ವೈರಿಗೆ ಮಲ್ಟಿಮೀಟರ್ ಹಿಡಿದು ನೋಡಿದರೆ 12 ವೋಲ್ಟ್ ಇರಬೇಕಾದ ಜಾಗದಲ್ಲಿ 11.1ಕ್ಕೆ ಇಳಿಯುತ್ತಿತ್ತು. ಆ ಲೈನ್ 11.4ರಿಂದ 12.6ರ ಒಳಗೆ ಇರಬೇಕು, ಅದರ ಕೆಳಗೆ ಹೋದರೆ ಎಸ್‌ಎಂಪಿಎಸ್ ಸುಸ್ತಾಗಿದೆ ಅಂತಲೇ ಅರ್ಥ. ಎಸ್‌ಎಂಪಿಎಸ್ ಬದಲಾಯಿಸಿದ ಮೇಲೆ ಅದೇ ಬೋರ್ಡ್ ಇವತ್ತಿಗೂ ಓಡುತ್ತಿದೆ.

ಅದಕ್ಕೇ ಹೇಳುವುದು, ಸುಲಭದ್ದು ಮೊದಲು ನೋಡಿ. ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು. ಆಮೇಲೆ ಪವರ್ ಕೇಬಲ್ ತೆಗೆದು, ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರ್ ಪುಡಿ ಒರೆಸಿ, ಒಂದೇ ಸ್ಟಿಕ್ ಹಾಕಿ ನೋಡಿ. ಬರದಿದ್ದರೆ ಬೇರೆ ಸ್ಲಾಟ್. ಮತ್ತೂ ಬರದಿದ್ದರೆ ಇನ್ನೊಂದು ಸ್ಟಿಕ್. 'ಡಿಸ್‌ಪ್ಲೇ ಬರ್ತಿಲ್ಲ' ಅನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಸರಿಹೋಗುತ್ತವೆ. ಎರಡು ಸ್ಲಾಟಿನಲ್ಲಿ ಒಂದು ಮಾತ್ರ ಸತ್ತಿದ್ದರೆ ಇನ್ನೊಂದರಲ್ಲಿ ದೊಡ್ಡ ಸ್ಟಿಕ್ ಹಾಕಿ ವರ್ಷಗಟ್ಟಲೆ ನಡೆಸಬಹುದು.

ಟೈಮ್, ಡೇಟ್ ದಿನಾ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿರುವ ಗುಂಡನೆಯ ಸೆಲ್ ಹೋಗಿರುತ್ತದೆ. ಸಿಆರ್2032 ಅಂತ ಕೇಳಿ, ಬೀದಿ ಕೊನೆಯ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು ಸೆಲ್ ತೆಗೆದು ಐದು ನಿಮಿಷ ಹಾಗೇ ಬಿಟ್ಟರೆ ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್ ಕೂಡ ಮೊದಲಿನ ಸ್ಥಿತಿಗೆ ಬರುತ್ತದೆ, ಕೆಲವೊಮ್ಮೆ ಅಷ್ಟರಿಂದಲೇ ಮಷೀನ್ ಎದ್ದು ಕೂರುತ್ತದೆ.

ಎಸ್‌ಎಂಪಿಎಸ್ ಮೇಲೆ ಅನುಮಾನ ಇದ್ದರೆ ಪರಿಚಯದವರ ಹತ್ತಿರ ಒಂದು ಕೇಳಿ ತಂದು ಹಾಕಿ ನೋಡುವುದೇ ಒಳ್ಳೇದು. ಇಪ್ಪತ್ನಾಲ್ಕು ಪಿನ್ನಿನ ಕನೆಕ್ಟರ್ ಬೋರ್ಡಿನಿಂದ ತೆಗೆದು, ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಕೊಟ್ಟರೆ ಅದರ ಫ್ಯಾನ್ ತಿರುಗಬೇಕು, ಆದರೆ ತಿರುಗಿದ ಮಾತ್ರಕ್ಕೆ ಲೋಡ್ ತಡೆಯುತ್ತದೆ ಅಂತ ಹೇಳಲಾಗುವುದಿಲ್ಲ. ಎಲ್ಲ ವೈರೂ ಕಪ್ಪಾಗಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಇಷ್ಟೂ ಆಯಿತು, ಇನ್ನೂ ಬರುತ್ತಿಲ್ಲ. ಆಗ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ರಟ್ಟಿನ ಮೇಲೆ ಇಟ್ಟು, ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್ ಇಷ್ಟೇ ಹಾಕಿ ಆನ್ ಮಾಡಿ. ಕ್ಯಾಬಿನೆಟ್ ಒಳಗೆ ಎಲ್ಲೋ ಶಾರ್ಟ್ ಆಗುತ್ತಿದ್ದರೆ ಇಲ್ಲಿ ಗೊತ್ತಾಗುತ್ತದೆ. ಟಾರ್ಚ್ ಹಾಕಿ ಬೋರ್ಡಿನ ಕೆಪಾಸಿಟರ್‌ಗಳ (ಸಣ್ಣ ಡಬ್ಬಿಯಂಥ ಭಾಗಗಳ) ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಬಣ್ಣದ ಗಂಟು ಕಟ್ಟಿದ್ದರೆ ಹೋಗಿರುವುದು ಅದೇ. ಪ್ರೊಸೆಸರ್ ಹಾಳಾಗುವುದು ಬಹಳ ಅಪರೂಪ, ಅದನ್ನು ಕೊನೆಗೆ ಅನುಮಾನಿಸಿ.

ಸ್ವಲ್ಪ ಕೆಟ್ಟಿದ್ದಕ್ಕೆ ಇಡೀ ಬೋರ್ಡ್ ಬೇಡ

ಬೋರ್ಡ್ ಕೆಟ್ಟಿದೆ ಅಂದರೆ ಪೂರ್ತಿ ಸತ್ತಿದೆ ಅಂತ ಅಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಸಿಡಿಲು ಹೊಡೆದಾಗ ಇಂಟರ್‌ನೆಟ್ ಕೇಬಲ್ ಮೂಲಕ ಬಂದು ಲ್ಯಾನ್ ಪೋರ್ಟ್ ಒಂದನ್ನೇ ಸುಟ್ಟು ಹೋಗುವುದು ನಮ್ಮ ಊರಲ್ಲಿ ಮಾಮೂಲಿ. ಅದಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾಕು. ಸೌಂಡ್ ಹೋದರೆ ಯುಎಸ್‌ಬಿ ಸೌಂಡ್ ಕಾರ್ಡ್. ಎಲ್ಲವೂ ಕೆಲವು ನೂರು ರೂಪಾಯಿಯ ಬಾಬ್ತು. ಎಚ್‌ಡಿಎಂಐ ಪೋರ್ಟ್ ಮಾತ್ರ ಹೋಗಿದ್ದರೆ ಪಕ್ಕದ ವಿಜಿಎ ಪೋರ್ಟ್ ನೋಡಿ.

ಚಿಪ್ ಲೆವೆಲ್ ಸರ್ವಿಸ್ ಅಂತ ನಾಮಫಲಕ ಹಾಕಿಕೊಂಡಿರುವ ಅಂಗಡಿಗಳು ಎಸ್‌.ಪಿ. ರೋಡಿನ ಕಾಂಪ್ಲೆಕ್ಸ್‌ಗಳ ಮೇಲಿನ ಮಹಡಿಗಳಲ್ಲಿ ಬೇಕಾದಷ್ಟಿವೆ. ಕೆಪಾಸಿಟರ್ ಬದಲಾಯಿಸುವುದು, ಕರಪ್ಟ್ ಆದ ಬಯೋಸ್ ಚಿಪ್ಪಿಗೆ ಮತ್ತೆ ಪ್ರೋಗ್ರಾಂ ಹಾಕುವುದು, ಇವೆರಡಕ್ಕೂ ಧೈರ್ಯವಾಗಿ ಕೊಡಿ. ಆದರೆ ಚಿಪ್‌ಸೆಟ್‌ಗೆ (ಬೋರ್ಡಿನ ಮುಖ್ಯ ಚಿಪ್) ಹೀಟ್ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಬಿಸಿ ಕೊಟ್ಟಾಗ ಎದ್ದ ಬೋರ್ಡ್ ಕೆಲವೇ ವಾರಗಳಲ್ಲಿ ಮತ್ತೆ ಮಲಗುವುದೇ ಹೆಚ್ಚು.

ಈಗ ಲೆಕ್ಕ

ಬೋರ್ಡ್ ನಿಜವಾಗಿಯೂ ಹೋಗಿದೆ ಅಂತಾದರೆ ಎರಡು ವಿಷಯ ಬರೆದುಕೊಳ್ಳಿ. ಪ್ರೊಸೆಸರ್ ಯಾವ ಜನರೇಶನ್ (ತಲೆಮಾರು), ರ‍್ಯಾಮ್ ಡಿಡಿಆರ್3ಓ ಡಿಡಿಆರ್4ಓ (ರ‍್ಯಾಮಿನ ಹಳೇ, ಹೊಸ ಮಾದರಿ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ). ರ‍್ಯಾಮ್ ಯಾಕೆ ಅಂದರೆ 2025ರ ಕೊನೆಯಿಂದ ಅದರ ಬೆಲೆ ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಕಾರಣ. ಮೊದಲು ಕಾಂಬೋದಲ್ಲಿ ರ‍್ಯಾಮ್ ಸಣ್ಣ ಖರ್ಚು. ಈಗ ಅಲ್ಲ. ಕೈಯಲ್ಲಿರುವ ರ‍್ಯಾಮ್ ಉಳಿಸಿಕೊಳ್ಳಬಹುದಾದ ದಾರಿ ಯಾವುದು ಅಂತ ಮೊದಲು ಹುಡುಕಿ.

ಇಂಟೆಲ್ ಎರಡು, ಮೂರನೇ ಜನರೇಶನ್ ಇದ್ದರೆ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 1155, ಬೋರ್ಡಿನ ಚಿಪ್‌ಸೆಟ್ ಎಚ್61 ಅಥವಾ ಬಿ75. ನಾಲ್ಕನೇ ಜನರೇಶನ್ ಆದರೆ 1150, ಎಚ್81 ಅಥವಾ ಬಿ85. ಎರಡಕ್ಕೂ ಡಿಡಿಆರ್3. ಇಲ್ಲಿ ಅಪ್‌ಗ್ರೇಡ್ ಅಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್, ಕೂಲರ್ ಎಲ್ಲ ಹೋಯಿತು, ಉಳಿಯುವುದು ಎಸ್‌ಎಸ್‌ಡಿ, ಕ್ಯಾಬಿನೆಟ್, ಮಾನಿಟರ್, ಎಸ್‌ಎಂಪಿಎಸ್ ಚೆನ್ನಾಗಿದ್ದರೆ ಅದೂ. ಆದರೆ ಎಚ್61, ಎಚ್81 ಬೋರ್ಡ್‌ಗಳು ಸಣ್ಣ ಬ್ರ್ಯಾಂಡ್‌ಗಳಲ್ಲಿ ಹೊಸದಾಗಿಯೇ ಇನ್ನೂ ಸಿಗುತ್ತವೆ, ಮೂರು ಸಾವಿರದ ಆಸುಪಾಸು. ಟ್ಯಾಲಿ, ವರ್ಡ್, ಯೂಟ್ಯೂಬ್, ಮಕ್ಕಳ ಪ್ರಾಜೆಕ್ಟ್ ಇಷ್ಟೇ ಕೆಲಸ ಅನ್ನುವವರು ಅದನ್ನು ಹಾಕಿಕೊಳ್ಳಿ, ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿ. ಅದಕ್ಕಿಂತ ಜಾಸ್ತಿ ಈ ಮಷೀನ್ ಮೇಲೆ ಹಾಕಬೇಡಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್ ಎಂಟನೇ ಜನರೇಶನ್ ಇಲ್ಲವೇ ಅದಕ್ಕಿಂತ ಮೇಲೆ ಬೇಕು. ಹಾಗಾಗಿ ಟ್ಯಾಲಿ, ವರ್ಡ್ ಬೇಕಿಲ್ಲದವರು ಇಂಥ ಮಷೀನ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕುವುದು ಒಳ್ಳೆಯ ದಾರಿ, ಆನ್‌ಲೈನ್ ಬ್ಯಾಂಕಿಂಗ್ ಮಾಡುವವರಿಗಂತೂ.

ಆರು, ಏಳನೇ ಜನರೇಶನ್‌ನವರದು ಮಧ್ಯದ ಪರಿಸ್ಥಿತಿ. ವಿಂಡೋಸ್ 11 ಲೆಕ್ಕದಲ್ಲಿ ಹಳೇದು, ಆದರೆ ರ‍್ಯಾಮ್ ಹೆಚ್ಚಾಗಿ ಡಿಡಿಆರ್4. ಇವರು ಅಪ್‌ಗ್ರೇಡ್ ಮಾಡಿದರೆ ನಷ್ಟ ಇಲ್ಲ. ಎಚ್610 ಬೋರ್ಡಿನಲ್ಲಿ ಡಿಡಿಆರ್4 ಹಾಕುವ ಮಾಡೆಲ್ ಕೇಳಿ ತೆಗೆದುಕೊಂಡು, ಐ3-12100 ಹಾಕಿ, ಹಳೇ ರ‍್ಯಾಮ್ ಅದಕ್ಕೇ ಚುಚ್ಚಿ. ಅದೇ ಬೋರ್ಡಿನಲ್ಲಿ ಡಿಡಿಆರ್5 ಮಾಡೆಲ್ಲೂ ಇದೆ, ಅಂಗಡಿಯವರು ಅದನ್ನೇ ಕೊಟ್ಟರೆ ನಿಮ್ಮ ರ‍್ಯಾಮ್ ಡ್ರಾಯರ್ ಸೇರುತ್ತದೆ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಇಲ್ಲದವರು ಅದನ್ನು ತೆಗೆದುಕೊಳ್ಳಬೇಡಿ. ಹಳೇ ಕೂಲರ್ ಎಚ್610ರ 1700 ಸಾಕೆಟ್ಟಿಗೆ ಕೂರುವುದಿಲ್ಲ, ತೂತುಗಳ ಅಂತರ ಬೇರೆ, ಬಾಕ್ಸ್ ಪ್ರೊಸೆಸರ್ ತೆಗೆದುಕೊಂಡರೆ ಕೂಲರ್ ಜೊತೆಗೇ ಬರುತ್ತದೆ.

ಎಂಟು, ಒಂಬತ್ತನೇ ಜನರೇಶನ್ ಇದ್ದರೆ ನನ್ನ ಅಭಿಪ್ರಾಯ ಒಂದೇ. ಬೋರ್ಡ್ ಮಾತ್ರ ಬದಲಾಯಿಸಿ. ಪ್ರೊಸೆಸರ್ ಇನ್ನೂ ಗಟ್ಟಿ ಇದೆ, ವಿಂಡೋಸ್ 11 ಓಡುತ್ತದೆ, ರ‍್ಯಾಮ್ ಉಳಿಯುತ್ತದೆ. ಒಂದೇ ಎಚ್ಚರಿಕೆ ಅಂದರೆ ಆರನೆಯದರಿಂದ ಒಂಬತ್ತನೆಯದರವರೆಗೆ ಎಲ್ಲದಕ್ಕೂ ಸಾಕೆಟ್ ಹೆಸರು 1151. ಹೆಸರು ಒಂದೇ ಆದರೂ ಎಚ್110, ಬಿ250 ಬೋರ್ಡಿಗೆ ಎಂಟನೇ ಜನರೇಶನ್ ಹಾಕಿದರೆ ನಡೆಯುವುದಿಲ್ಲ. ಅದಕ್ಕೆ ಎಚ್310, ಬಿ360, ಬಿ365 ಇಂಥವೇ ಬೇಕು. '1151 ಬೋರ್ಡ್ ಕೊಡಿ' ಅಂತ ಕೇಳಬೇಡಿ, ಚಿಪ್‌ಸೆಟ್ ಹೆಸರು ಹೇಳಿ ಕೇಳಿ.

ಎಎಂಡಿಯವರ (ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ) ಎಎಂ4 ಸಾಕೆಟ್ ಇದ್ದವರ ಅದೃಷ್ಟ ಚೆನ್ನಾಗಿದೆ. ಹಳೇ ರೈಜನ್ 5 2600 ಇದ್ದರೆ ಒಂದು ಬಿ450 ಬೋರ್ಡ್ ಹಾಕಿ ಈಗ ಕೆಲಸ ಸಾಗಿಸಿ, ಮುಂದೆ ದುಡ್ಡು ಕೂಡಿದಾಗ ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ, ಅದೇ ಡಿಡಿಆರ್4 ರ‍್ಯಾಮಿಗೆ ರೈಜನ್ 5 5600 ಹಾಕಬಹುದು. ಬಿ550 ಹೊಸದು, ಇನ್ನೂ ಒಳ್ಳೇದು ಅಂತ ಕೊಟ್ಟರೆ ತೆಗೆದುಕೊಳ್ಳುವ ಮೊದಲು ಸಪೋರ್ಟ್ ಲಿಸ್ಟ್ ನೋಡಿ, ಅದು ಅಧಿಕೃತವಾಗಿ ಇರುವುದು ರೈಜನ್ 3000 ಸರಣಿಯಿಂದ ಮುಂದಕ್ಕೆ. ಎಎಂಡಿಯ ಮುಂದಿನ ಸಾಕೆಟ್ ಎಎಂ5 ಕಡೆ ಈಗ ಹೋಗಬೇಡಿ, ಅದರಲ್ಲಿ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಹಾಕಲಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಬೆಂಗಳೂರಿನವರಿಗೆ ಅದು ಹತ್ತಿರದಲ್ಲೇ ಸಿಗುತ್ತದೆ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ರಿಫರ್ಬಿಶ್ಡ್ ಅಂತ ಮಾರಾಟಕ್ಕೆ ಬರುತ್ತವೆ. ಡಿಡಿಆರ್3 ಮಷೀನ್ ಹೋದವರು ಕಾಂಬೋಗೆ ದುಡ್ಡು ಕೊಡುವ ಮುಂಚೆ ಎಂಟನೇ ಜನರೇಶನ್ ಐ5 ಇರುವ ಇಂಥದ್ದೊಂದರ ಬೆಲೆ ಕೇಳಿ ನೋಡಿ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ ಎಲ್ಲ ಸೇರಿಯೂ ಹೊಸ ಕಾಂಬೋಗಿಂತ ಕಮ್ಮಿಗೆ ಸಿಗುವುದುಂಟು. ಆದರೆ ಇಂಥ ಬ್ರ್ಯಾಂಡೆಡ್ ಮಷೀನ್‌ಗಳ ಬೋರ್ಡ್ ಆಕಾರ, ಎಸ್‌ಎಂಪಿಎಸ್ ಕನೆಕ್ಟರ್ ಎರಡೂ ಬೇರೆ ಥರ ಇರುವುದರಿಂದ ನಾಳೆ ಅದರ ಬೋರ್ಡ್ ಹೋದರೆ ಅದೇ ಮಾಡೆಲ್ ಹುಡುಕಬೇಕು. ಈಗಾಗಲೇ ನಿಮ್ಮ ಹತ್ತಿರ ಇರುವುದು ಬ್ರ್ಯಾಂಡೆಡ್ ಮಷೀನ್ ಆದರೆ, ಮಾಮೂಲಿ ಬೋರ್ಡ್ ತಂದು ಅದರೊಳಗೆ ಕೂರಿಸುವ ಯೋಚನೆ ಬಿಡಿ.

ಹಳೇ ಸಾಫ್ಟ್‌ವೇರ್ ಇದ್ದವರ ಕಥೆ ಬೇರೆ

ಸುಲ್ತಾನ್‌ಪೇಟೆ ಕಡೆ ಲಗ್ನಪತ್ರಿಕೆ ಡಿಟಿಪಿ ಮಾಡುವ ಗೆಳೆಯರೊಬ್ಬರಿದ್ದಾರೆ. ವಿಂಡೋಸ್ 7, ಪೇಜ್‌ಮೇಕರ್, ಹಳೇ ನುಡಿ ಫಾಂಟ್, ಹತ್ತಾರು ವರ್ಷದ ಫೈಲ್‌ಗಳು. ನಾಲ್ಕನೇ ಜನರೇಶನ್ ಐ5 ಮಷೀನ್, ಬೋರ್ಡ್ ಹೋಯಿತು, ಅದೂ ಮದುವೆ ಸೀಸನ್‌ನಲ್ಲಿ. ಎಲ್ಲರೂ ಹೇಳಿದ್ದು ಒಂದೇ, ಇಷ್ಟು ಹಳೇದಕ್ಕೆ ಯಾಕೆ ದುಡ್ಡು ಹಾಕುತ್ತೀರಿ, ಹೊಸದು ತಗೊಳ್ಳಿ. ಹೊಸದು ತಗೊಂಡರೆ ಏನಾಗುತ್ತಿತ್ತು ನೋಡಿ. ಏಳನೇ ಜನರೇಶನ್‌ನಿಂದ ಮುಂದಕ್ಕೆ ವಿಂಡೋಸ್ 7ಕ್ಕೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಅಧಿಕೃತವಾಗಿ ಇಲ್ಲ. ಹೊಸ ವಿಂಡೋಸ್ ಹಾಕಿದರೆ ಅವರ ಹಳೇ ಪ್ರಿಂಟರಿಗೆ ಡ್ರೈವರ್ ಸಿಗುವುದಿಲ್ಲ. ಪೇಜ್‌ಮೇಕರ್‌ಗೆ ಯುನಿಕೋಡ್ (ಈಗಿನ ಸಾಫ್ಟ್‌ವೇರ್‌ಗಳು ಬಳಸುವ ಅಕ್ಷರ ಸಂಕೇತ) ಬರುವುದಿಲ್ಲ, ಹಾಗಾಗಿ ಬೇರೆ ಸಾಫ್ಟ್‌ವೇರ್‌ಗೆ ಹೋದರೆ ಹಳೇ ಫೈಲ್‌ಗಳನ್ನೆಲ್ಲ ಕನ್ವರ್ಟ್ ಮಾಡಿ, ಒತ್ತಕ್ಷರ ಒಡೆದಿದೆಯಾ ಅಂತ ಸಾಲು ಸಾಲು ಓದಿ ನೋಡಬೇಕು. ಬೋರ್ಡಿನ ಬೆಲೆಯೆಲ್ಲ ಅದರ ಮುಂದೆ ಏನೂ ಅಲ್ಲ.

ಅವರು ಎಚ್81 ಬೋರ್ಡ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಹಾಕಿದರು. ಹಳೇ ಡಿಸ್ಕಿನ ವಿಂಡೋಸ್ ಹಾಗೇ ಎದ್ದಿತು, ಅವತ್ತೇ ಪ್ರಿಂಟ್ ಹೊರಟಿತು. ಆಮೇಲೆ ಇನ್ನೊಂದು ಅಂಥದೇ ಬೋರ್ಡ್ ತಂದು ಬೀರುವಿನಲ್ಲಿ ಇಟ್ಟಿದ್ದಾರೆ, ಡಿಸ್ಕಿನ ಕ್ಲೋನ್ ಬೇರೆ ಇದೆ. ಆ ಮಷೀನ್‌ಗೆ ಇಂಟರ್‌ನೆಟ್ ಕೊಟ್ಟಿಲ್ಲ. ಇಂಥ ಕೆಲಸ ಇರುವವರಿಗೆ ಇದೇ ಸರಿಯಾದ ವ್ಯವಸ್ಥೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಂಗಡಿಯಲ್ಲಿ

ಎಸ್‌.ಪಿ. ರೋಡಿಗೆ ಗಾಡಿ ತೆಗೆದುಕೊಂಡು ಹೋಗಬೇಡಿ, ಪಾರ್ಕಿಂಗ್‌ಗೇ ಅರ್ಧ ಜೀವ ಹೋಗುತ್ತದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲೋ ಮಾರ್ಕೆಟ್‌ನಲ್ಲೋ ಇಳಿದು ನಡೆದರೆ ಆಯಿತು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೇ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಜೊತೆಗೆ ಒಯ್ಯಿರಿ. ಡಿಸ್ಕ್ ಮನೆಯಲ್ಲೇ ಇರಲಿ, ನಿಮ್ಮ ಫೋಟೋ, ಪಾಸ್‌ವರ್ಡ್ ಎಲ್ಲ ಅದರಲ್ಲೇ ತಾನೇ ಇರುವುದು?

ಸೆಕೆಂಡ್ ಹ್ಯಾಂಡ್ ಬೋರ್ಡ್ ಕೈಗೆ ಬಂದರೆ ಮೊದಲು ಸಾಕೆಟ್ ಮುಚ್ಚಳ ತೆಗೆಸಿ. ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್‌ಗಳು ಇರುವುದು ಸಾಕೆಟ್ಟಿನಲ್ಲಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದು ಬೋರ್ಡನ್ನು ನಿಧಾನಕ್ಕೆ ತಿರುಗಿಸಿ. ಪಿನ್‌ಗಳು ಸರಿ ಇದ್ದರೆ ಹೊಳಪು ಸಾಲಿನ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಹರಿಯುತ್ತದೆ. ಎಲ್ಲಾದರೂ ಒಂದು ಚುಕ್ಕೆ ಕಪ್ಪಾಗಿ ನಿಂತರೆ, ಇಲ್ಲವೇ ಉಳಿದವು ಮಂಕಾದಾಗ ಅದೊಂದೇ ಮಿಂಚಿದರೆ ಅಲ್ಲಿ ಪಿನ್ ಬಾಗಿದೆ. ಅಂಥ ಬೋರ್ಡ್ ಬೇಡ. ಬೋರ್ಡ್ ತಿರುಗಿಸಿ ಹಿಂಭಾಗ ನೋಡಿ, ಹೊಸ ಬೆಸುಗೆ, ಅಂಟಂಟು ಹಳದಿ ಕಲೆ ಇದ್ದರೆ ರಿಪೇರಿ ಆಗಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಬಹುದು ಇಲ್ಲವೇ ಬಿಡಬಹುದು.

ಆಮೇಲೆ ನಿಮ್ಮದೇ ಪ್ರೊಸೆಸರ್, ನಿಮ್ಮದೇ ರ‍್ಯಾಮ್ ಹಾಕಿ ಕೌಂಟರ್ ಮೇಲೇ ಓಡಿಸಿ ತೋರಿಸಲು ಹೇಳಿ. ಎರಡೂ ಸ್ಲಾಟಿಗೆ ರ‍್ಯಾಮ್ ಹಾಕಿಸಿ, ಬಯೋಸ್‌ನಲ್ಲಿ ಪೂರ್ತಿ ಮೆಮೊರಿ ತೋರಿಸುತ್ತಿದೆಯಾ ನೋಡಿ. ಬಯೋಸ್‌ಗೆ ಪಾಸ್‌ವರ್ಡ್ ಕೇಳಿದರೆ ಅಲ್ಲೇ ತೆಗೆಸಿ. ಹಿಂದಿನ ಪೋರ್ಟ್‌ಗಳಿಗೆ ಕೂರುವ ತಗಡಿನ ಪಟ್ಟಿ, ಐಓ ಶೀಲ್ಡ್, ಕೇಳಿ ಇಸಿದುಕೊಳ್ಳಿ, ಇಲ್ಲದಿದ್ದರೆ ಆ ಸಂದಿಯಲ್ಲಿ ಜಿರಳೆ, ಹಲ್ಲಿ ಒಳಗೆ ಹೋಗಿ ಬೋರ್ಡ್ ಶಾರ್ಟ್ ಆಗುವುದುಂಟು. ಹಳೇ ಬೋರ್ಡಿಗೆ ಸಿಗುವುದು 'ಟೆಸ್ಟಿಂಗ್ ವಾರಂಟಿ' ಮಾತ್ರ, ಎಷ್ಟು ದಿನ ಅಂತ ಬಿಲ್ ಮೇಲೆ ಬರೆಸಿ. ಹೊಸ ಬೋರ್ಡ್ ಆದರೆ ಜಿಎಸ್‌ಟಿ ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಸೀರಿಯಲ್ ನಂಬರ್ ಸಮೇತ ಬಿಲ್ ಇದ್ದರೆ ಮುಂದೆ ವಾರಂಟಿ ಕೇಳುವಾಗ ವಾದ ಮಾಡುವ ಕೆಲಸ ಇರುವುದಿಲ್ಲ.

ಬದಲಾಯಿಸುವ ಮುಂಚೆ, ಬದಲಾಯಿಸುವಾಗ

ಬೋರ್ಡ್ ಇನ್ನೂ ಅಷ್ಟಿಷ್ಟು ಓಡುತ್ತಿದೆ ಅಂದರೆ ಇವತ್ತೇ ಬ್ಯಾಕಪ್ ತೆಗೆದುಕೊಳ್ಳಿ. ಜೊತೆಗೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್ ವ್ಯವಸ್ಥೆ) ಆನ್ ಇದೆಯಾ ನೋಡಿ. ವಿಂಡೋಸ್ 11ರಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಶನ್ ಆನ್ ಆಗಿರುತ್ತದೆ. ಬೋರ್ಡ್ ಬದಲಾದ ತಕ್ಷಣ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದು ನಿಮ್ಮ ಕೈಗೆ ಸಿಗುವುದಿಲ್ಲ. ಬೋರ್ಡ್ ಆಗಲೇ ಸತ್ತಿದ್ದರೆ ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಡಿವೈಸ್‌ಗಳ ಪಟ್ಟಿಯಲ್ಲಿ ಆ ಕೀ ಇದೆಯಾ ಹುಡುಕಿ, ಇದ್ದರೆ ಬರೆದಿಟ್ಟುಕೊಳ್ಳಿ. ಮಷೀನ್ ಜೊತೆ ಬಂದ ಓಇಎಂ ವಿಂಡೋಸ್ ಲೈಸೆನ್ಸ್ ಹಳೇ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಆದರೆ ಹೊಸ ಬೋರ್ಡಿಗೂ ಬರುತ್ತದೆ. ಖರ್ಚಿನ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಬಿಚ್ಚುವ ಮುಂಚೆ ವೈರ್‌ಗಳ ಫೋಟೋ ತೆಗೆಯಿರಿ, ಪವರ್ ಬಟನ್ನಿನ ಸಣ್ಣ ವೈರ್‌ಗಳದ್ದು ಹತ್ತಿರದಿಂದ. ಪ್ಲಗ್ ತೆಗೆದು ಪವರ್ ಬಟನ್ ಒಂದು ಸಲ ಒತ್ತಿ. ಕ್ಯಾಬಿನೆಟ್ ಒಳಗಿನ ಹಿತ್ತಾಳೆ ಸ್ಟಡ್‌ಗಳು ಹೊಸ ಬೋರ್ಡಿನ ತೂತುಗಳಿಗೆ ಸರಿಯಾಗಿ ಕೂರಬೇಕು, ತೂತಿಲ್ಲದ ಜಾಗದಲ್ಲಿ ಒಂದು ಸ್ಟಡ್ ಉಳಿದಿದ್ದರೂ ಅದು ಬೋರ್ಡಿನ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗುತ್ತದೆ. ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಿ, ಬಟಾಣಿ ಕಾಳಿನಷ್ಟು ಸಾಕು. ಪ್ರೊಸೆಸರ್ ಹತ್ತಿರದ ನಾಲ್ಕು ಅಥವಾ ಎಂಟು ಪಿನ್ನಿನ ಪವರ್ ಕನೆಕ್ಟರ್ ಚುಚ್ಚುವುದನ್ನು ಮರೆಯುವವರು ಬಹಳ, ಅದಿಲ್ಲದೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ, ಹೊಸ ಬೋರ್ಡೂ ಸತ್ತಿದೆ ಅಂದುಕೊಂಡು ಗಾಬರಿಯಾಗುತ್ತಾರೆ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತಿದ್ದರೆ ಹೊಸ ಬೋರ್ಡ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಹಳೇ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಕರೆಂಟ್ ಹೋಗಿ ಬಂದು ಮಾಡುವ ಏರಿಯಾದಲ್ಲಿ ಯುಪಿಎಸ್ ಇಲ್ಲದೆ ಓಡಿಸಬೇಡಿ, ಅದರ ಬ್ಯಾಟರಿ ಹೋಗಿದ್ದರೆ ಅದನ್ನೂ ಈಗಲೇ ಬದಲಾಯಿಸಿ.

ಎಲ್ಲ ಸೇರಿಸಿ ವಿಂಡೋಸ್ ಎದ್ದ ಮೇಲೆ ಕೆಲಸ ಮುಗಿಯಿತು ಅಂತ ಸೈಡ್ ಡೋರ್ ಹಾಕಿಬಿಡಬೇಡಿ. ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷೆ ಮಾಡುವ ಸಾಫ್ಟ್‌ವೇರ್) ಅನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿ. ಬೆಳಿಗ್ಗೆ ಎಲ್ಲ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಿ, ಲ್ಯಾನ್, ಸೌಂಡ್, ಮೈಕ್ ಎಲ್ಲ ನೋಡಿ, ಗಂಟೆಗಟ್ಟಲೆ ವಿಡಿಯೋ ಓಡಿಸಿ. ಇದೆಲ್ಲ ಟೆಸ್ಟಿಂಗ್ ವಾರಂಟಿಯ ಮೊದಲ ಎರಡು ಮೂರು ದಿನಗಳಲ್ಲೇ ಆಗಬೇಕು. ಎರರ್ ಬಂದರೆ ಸ್ಕ್ರೀನ್ ಫೋಟೋ ತೆಗೆದುಕೊಂಡು, ಬಿಲ್ ಜೊತೆ ಬೋರ್ಡನ್ನು ಅದರ ಡಬ್ಬದಲ್ಲೇ ಹಾಕಿ ಅದೇ ಅಂಗಡಿಗೆ ಹೋಗಿ, ಬೇರೆ ಬೋರ್ಡ್ ಕೇಳಿ ತನ್ನಿ.